ಮುಚ್ಚಿ ಬಿದ್ದಿರುವ ಹಳೇ ನೂಲಿನ ಮಿಲ್ಲು: ಹೋಟೆಲ್ ಮೊದಲಾ, ಮನೆಗಳು ಮೊದಲಾ?

ಚಿಮಣಿ_ನೆರಳು:
ನಾವು ಐದು ಜನ ಸೇರಿ ಒಂದು ಹಳೇ ನೂಲಿನ ಮಿಲ್ಲನ್ನು ಕೊಳ್ಳುವ ಮಾತುಕತೆಯಲ್ಲಿದ್ದೇವೆ. ಪೇಟೆಯಿಂದ ದೂರ, ಹೊಳೆ ಪಕ್ಕ. ಮೂರು ಅಂತಸ್ತಿನ ಇಟ್ಟಿಗೆ ಕಟ್ಟಡ, ಎರಕದ ಕಬ್ಬಿಣದ ಕಂಬಗಳು, ಮರದ ತೊಲೆಗಳು, ಪಕ್ಕದಲ್ಲೇ ಕೆಲಸಗಾರರ ಸಾಲುಮನೆಗಳು. ಮಿಲ್ಲು ನಿಂತು 30 ವರ್ಷದ ಮೇಲಾಯಿತು, ಛಾವಣಿ ಎರಡು ಕಡೆ ಕುಸಿದಿದೆ. ದೊಡ್ಡ ಕಟ್ಟಡದಲ್ಲಿ 20 ರೂಮಿನ ಹೋಟೆಲ್, ಅದರ ಕೆಳಗೆ ಬಡಗಿ, ಕುಂಬಾರಿಕೆ ಅಂತ ವರ್ಕ್‌ಶಾಪ್‌ಗಳು, ಸಾಲುಮನೆಗಳು ಬಾಡಿಗೆಗೆ. ಇದು ಲೆಕ್ಕಾಚಾರ. ಹೋಟೆಲ್ ಮೊದಲು ತೆರೆಯೋಣ, ದುಡ್ಡು ಬರಲಿ ಅಂತ ಇಬ್ಬರು ಹಟ ಹಿಡಿದಿದ್ದಾರೆ. ನನಗೆ ಮನೆಗಳೇ ಮೊದಲು ಅನ್ನಿಸುತ್ತದೆ, ಆದರೆ ಯಾಕೆ ಅಂತ ಸರಿಯಾಗಿ ಹೇಳಲು ಬರುತ್ತಿಲ್ಲ. ಊರಲ್ಲಿ ಆಗಲೇ "ಗೇಟ್ ಹಾಕಿ ರೆಸಾರ್ಟ್ ಮಾಡ್ತಾರೆ" ಅಂತ ಮಾತು ಶುರುವಾಗಿದೆ.

ಸುಣ್ಣದಗಾರೆ:
ಎರಡೂ ಅಲ್ಲ, ಛಾವಣಿ ಮೊದಲು. ಒಂದೊಂದು ಮಳೆಗೂ ತೊಲೆಯ ತುದಿ, ಗೋಡೆಯೊಳಗೆ ಕೂತಿರುವ ಭಾಗ, ಕೊಳೆಯುತ್ತಾ ಹೋಗುತ್ತದೆ. ಹೊರಗಿನಿಂದ ಕಾಣುವುದೇ ಇಲ್ಲ. ಸದ್ಯಕ್ಕೆ ಶೀಟಾದರೂ ಹೊದಿಸಿ.

ಇನ್ನು ಆ ಕಂಬಗಳು. ಎರಕದ ಕಬ್ಬಿಣ ಮೇಲಿನಿಂದ ಬೀಳುವ ಭಾರಕ್ಕೆ ಗಟ್ಟಿ, ಆದರೆ ಎಳೆದರೆ ತಡೆಯುವುದಿಲ್ಲ, ಬಗ್ಗುವ ಮೊದಲೇ ಮುರಿಯುತ್ತದೆ. ಸುಮ್ನೆ ಅದಕ್ಕೆ ತೂತು ಕೊರೆದು, ವೆಲ್ಡ್ ಮಾಡಿ ಏನೋ ನೇತು ಹಾಕಲು ಹೋಗಬೇಡಿ. ಗೋಡೆ ಸುಣ್ಣದ ಗಾರೆಯದ್ದಾಗಿದ್ದರೆ ಸಿಮೆಂಟ್ ಮೆತ್ತಲೂ ಬೇಡಿ. ಒಳಗಿನ ತೇವ ಹೊರಗೆ ಹೋಗಲಾಗದೆ ಇಟ್ಟಿಗೆಯ ಮುಖ ಉದುರುತ್ತದೆ.

ಸಹಿ ಹಾಕುವ ಮೊದಲೇ ಮಣ್ಣು ಪರೀಕ್ಷೆ ಮಾಡಿಸಿ. ಮೆಷಿನ್ ಎಣ್ಣೆ, ಬಣ್ಣ ಹಾಕುತ್ತಿದ್ದರೆ ಅದರ ಕೆಮಿಕಲ್, ಹಳೇ ಟ್ರಾನ್ಸ್‌ಫಾರ್ಮರ್ ಎಣ್ಣೆ, ಸೀಸದ ಪೇಂಟ್, ಪೈಪಿಗೆ ಸುತ್ತಿದ ಆಸ್ಬೆಸ್ಟಾಸ್, ಏನು ಬೇಕಾದರೂ ಇರಬಹುದು. ಕೊಂಡ ಮೇಲೆ ಗೊತ್ತಾದರೆ ಆ ಖರ್ಚು ಪೂರ್ತಿ ನಿಮ್ಮ ತಲೆ ಮೇಲೆ.

20 ರೂಮು ಅಂದಿರಲ್ಲ, ಅದನ್ನು ಯಾರು ಎಣಿಸಿದ್ದು? ಮಿಲ್ಲುಗಳು ಅಗಲ ಜಾಸ್ತಿ, ನಡುಭಾಗಕ್ಕೆ ಬೆಳಕು ಬರುವುದಿಲ್ಲ. ರೂಮುಗಳು ಕಿಟಕಿ ಪಕ್ಕವೇ ಆಗಬೇಕು. ನಡುವೆ ಲಿಫ್ಟು, ಬಚ್ಚಲು, ಸ್ಟೋರು, ಜೊತೆಗೆ ಬೆಂಕಿ ಬಿದ್ದರೆ ಇಳಿಯಲು ಎರಡನೇ ಮೆಟ್ಟಿಲು. ಇಷ್ಟೆಲ್ಲ ಕಳೆದು ಮತ್ತೆ ಎಣಿಸಿ.

ಹೊಳೆದಂಡೆ:
ಮನೆ ಮೊದಲು ಅನ್ನುವುದಕ್ಕೆ ಒಂದು ಒಳ್ಳೆ ಉದಾಹರಣೆ ಇದೆ. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್. ಕ್ಲೈಡ್ ನದಿಯ ನೀರಿನಿಂದ ನಡೆಯುತ್ತಿದ್ದ ಹತ್ತಿ ಮಿಲ್ಲು, 1786ರಲ್ಲಿ ಕೆಲಸ ಶುರು. ಮುಂದೆ ರಾಬರ್ಟ್ ಓವೆನ್ ಇದನ್ನು ನಡೆಸುತ್ತಾ ಕೆಲಸಗಾರರ ಮಕ್ಕಳಿಗೆ ಶಾಲೆ ಮಾಡಿದ್ದು ಇಲ್ಲೇ. ಮಿಲ್ಲು ಮುಚ್ಚಿದ್ದು 1968ರಲ್ಲಿ. ಆದರೆ ಮನೆಗಳನ್ನು ಉಳಿಸುವ ಸಂಘ ಹುಟ್ಟಿದ್ದು 1963ರಲ್ಲಿ, ಅಂದರೆ ಮಿಲ್ಲು ಇನ್ನೂ ಓಡುತ್ತಿದ್ದಾಗಲೇ! ಅಲ್ಲಿನ ಮಿಲ್ಲು ಕಟ್ಟಡಗಳಲ್ಲಿ ಒಂದನೇ ನಂಬರಿನದು ಹೋಟೆಲ್ ಆಗಿದ್ದು 1998ರಲ್ಲಿ. 2001ಕ್ಕೆ ಯುನೆಸ್ಕೋ ಪಟ್ಟಿಗೆ ಸೇರಿತು. ಈಗಲೂ ಅಲ್ಲಿ ಜನ ವಾಸ ಇದ್ದಾರೆ, ಹಳೇ ನೀರಿನ ದಾರಿಯಲ್ಲೇ ಟರ್ಬೈನ್ ಕೂಡ ತಿರುಗುತ್ತದೆ.

ಫಿನ್ಲೆಂಡಿನ ಫಿಸ್ಕಾರ್ಸ್ ಕೂಡ ಹಾಗೇ. 1649ರ ಕಬ್ಬಿಣದ ಕಾರ್ಖಾನೆ ಊರು. ತಯಾರಿಕೆ ಬೇರೆಡೆ ಹೋದ ಮೇಲೆ 1990ರ ದಶಕದಲ್ಲಿ ಖಾಲಿ ಕಟ್ಟಡಗಳಿಗೆ ಕುಶಲಕರ್ಮಿಗಳು ಬಂದು ನೆಲೆಸಿದರು. ನೋಡಲು ಬರುವವರು ಆಮೇಲೆ ಬಂದರು. ರಾತ್ರಿ ದೀಪ ಉರಿಯುವ ನಾಲ್ಕು ಮನೆ ಇದ್ದರೆ ಕಟ್ಟಡಕ್ಕೆ ಕಾವಲು ತಾನಾಗೇ ಇರುತ್ತದೆ, ಅಲ್ವಾ?

ಬೀಗದಕೈಗೊಂಚಲು:
ಮೇಲಿನವರು ಹೇಳಿದ್ದು ಸರಿ, ಆದರೆ ನ್ಯೂ ಲ್ಯಾನಾರ್ಕಿನಲ್ಲಿ 1963ರಿಂದ 1998ರ ತನಕ ಆದ ಹಾಗೆ ಹೋಟೆಲ್‌ಗೆ 35 ವರ್ಷ ಕಾಯಲು ಈ ಐದು ಜನರ ಹತ್ತಿರ ದುಡ್ಡಿದೆಯಾ? ನಾನು ಇಂಥದ್ದೇ ಒಂದು ಜಾಗದಲ್ಲಿ ನಾಲ್ಕು ವರ್ಷ ಮ್ಯಾನೇಜರ್ ಆಗಿದ್ದೆ. ಅಲ್ಲಿ ಹೋಟೆಲ್ ಮೊದಲು ತೆರೆದರು, ಆಮೇಲೆ ಮನೆಗಳಿಗೆ ಜನ ಬಂದರು. ಶನಿವಾರ ಅಂಗಳದಲ್ಲಿ ಪಾರ್ಟಿ, ಭಾನುವಾರ ಬೆಳಿಗ್ಗೆ ನನ್ನ ಮುಂದೆ ಬಾಡಿಗೆದಾರರ ಸಾಲು. ಅಂಗಳ ಯಾರದ್ದು, ಎಷ್ಟು ಗಂಟೆ ತನಕ ಗದ್ದಲ, ಗುಡಿಸುವ ಖರ್ಚು ಯಾರು ಕೊಡಬೇಕು, ಒಂದನ್ನೂ ಬರೆದಿಟ್ಟಿರಲಿಲ್ಲ.

ಹೋಟೆಲ್ ರೂಮಿನ ಕೆಳಗೆ ಬಡಗಿ ಕೆಲಸವಂತೂ ಬೇಡವೇ ಬೇಡ. ಮರದ ನೆಲದಲ್ಲಿ ಹೆಜ್ಜೆ ಸದ್ದೇ ಕೆಳಗೆ ಕೇಳುತ್ತದೆ, ಗರಗಸದ ಸದ್ದು ಮೇಲೆ ಬಾರದೆ ಇರುತ್ತದಾ? ಮರದ ಪುಡಿಗೆ ಬೆಂಕಿಯ ಭಯ ಬೇರೆ. ಅದನ್ನು ಬೇರೆ ಶೆಡ್ಡಿಗೆ ಹಾಕಿ. ಕೊಳಚೆ ನೀರಿನ ವ್ಯವಸ್ಥೆಯನ್ನು ಎಲ್ಲ ರೂಮು ತುಂಬಿದ ದಿನದ ಲೆಕ್ಕಕ್ಕೆ ಮಾಡಿ, ಪಕ್ಕದಲ್ಲೇ ಹೊಳೆ ಇದೆ.

ನನ್ನನ್ನು ಕೇಳಿದರೆ ಆರು ಮನೆ, ಒಂದು ಕಾಫಿ ಅಂಗಡಿ, ಐದಾರು ರೂಮು. ಅಷ್ಟಕ್ಕೇ ಎರಡು ವರ್ಷ ನಡೆಸಿ ನೋಡಿ. ಊರವರು ಹೊಳೆಗೆ ಹೋಗುವ ಕಾಲುದಾರಿ ನಿಮ್ಮ ಜಾಗದೊಳಗೆ ಇದ್ದರೆ ಮುಚ್ಚಬೇಡಿ.

ಚಿಮಣಿ_ನೆರಳು:
ಕಾಲುದಾರಿ ಇದೆ! ಸರಿಯಾಗಿ ಸಾಲುಮನೆಗಳ ಹಿಂದೆಯೇ. ರೂಮು ಮತ್ತೆ ಎಣಿಸಿದೆ, 13 ಬಂತು, ಹೋಟೆಲ್ ಪಕ್ಷದವರು ಸ್ವಲ್ಪ ತಣ್ಣಗಾಗಿದ್ದಾರೆ. ಮಣ್ಣು ಪರೀಕ್ಷೆ ಆಗುವವರೆಗೆ ಸಹಿ ಇಲ್ಲ ಅಂತ ತೀರ್ಮಾನ. ಇನ್ನೊಂದು ಕೇಳಬೇಕಿತ್ತು, ಚಿಮಣಿ ಸ್ವಲ್ಪ ವಾಲಿದ ಹಾಗೆ ಕಾಣುತ್ತದೆ, ಕೆಡವಬೇಕಾಗುತ್ತದಾ?

ಸುಣ್ಣದಗಾರೆ:
ಕಣ್ಣಳತೆಯಲ್ಲಿ ಹೇಳಲಾಗದು. ಅಳೆಸಿ, ಆರು ತಿಂಗಳು ಬಿಟ್ಟು ಮತ್ತೆ ಅಳೆಸಿ. ಅಲ್ಲಿಯವರೆಗೆ ಅದರ ಬುಡದಲ್ಲಿ ಯಾರೂ ಓಡಾಡದ ಹಾಗೆ ಬೇಲಿ ಹಾಕಿ.