ಆಟದೊಳಗಿನ ಬಟ್ಟೆಗೆ ದುಡ್ಡು ಕೊಡಬೇಕಾ? ಕೊಡಗಿನವರ ಅನುಭವಗಳು

ಗೋಣಿಕೊಪ್ಪದಿಂದ ಒಬ್ಬ ತಾಯಿ ಕೇಳಿದ್ದು:

ನನ್ನ ಮಗ ಒಂಬತ್ತನೇ ಕ್ಲಾಸು. ಮಳೆ ರಜೆ ಕೊಟ್ಟಾಗಿನಿಂದ ಕರೆಂಟ್, ನೆಟ್‌ವರ್ಕ್ ಇದ್ದಷ್ಟು ಹೊತ್ತು ಬಿಜಿಎಂಐ (ಪಬ್‌ಜಿ ಮೊಬೈಲ್ ಆಟದ ಭಾರತದ ಆವೃತ್ತಿ) ಆಡುತ್ತಾನೆ. ಈಗ ಅದರಲ್ಲಿ ಯಾವುದೋ ಹೊಸ ಸೂಟ್, ಅಂದರೆ ಆಟದ ಪಾತ್ರಕ್ಕೆ ಹಾಕೋ ಬಟ್ಟೆ, ಬಂದಿದೆಯಂತೆ. ಯುಸಿ (ಆಟದೊಳಗಿನ ದುಡ್ಡು) ಹಾಕಿಸೋಕೆ ಎಂಟುನೂರು ರೂಪಾಯಿ ಕೇಳುತ್ತಿದ್ದಾನೆ. ಅದರಿಂದ ಆಟ ಗೆಲ್ಲೋಕೆ ಏನೂ ಸಹಾಯ ಇಲ್ಲ, ನೋಡೋಕೆ ಚೆಂದ ಅಷ್ಟೇ ಅಂತ ಅವನೇ ಹೇಳುತ್ತಾನೆ. ಕೊಡಬೇಕಾ, ಬೇಡವಾ? ಗೊತ್ತಿರುವವರು ದಯವಿಟ್ಟು ಹೇಳಿ.

ಕುಶಾಲನಗರದಿಂದ:

ಅಕ್ಕ, ನನ್ನದು ಮೊಬೈಲ್ ಅಂಗಡಿ. ನಾನೂ ಆಡುತ್ತೇನೆ. ಪ್ಲೇ ಸ್ಟೋರ್ ರಿಡೀಮ್ ಕೋಡ್ ಕೇಳಿಕೊಂಡು ದಿನಾ ಹುಡುಗರು ಬರುತ್ತಾರೆ, ಹಾಗಾಗಿ ಇದನ್ನು ಎರಡೂ ಕಡೆಯಿಂದ ನೋಡಿದ್ದೇನೆ.

ಮೊದಲು ಮಗನನ್ನು ಒಂದು ಮಾತು ಕೇಳಿ. ಆ ಸೂಟ್‌ಗೆ ಇಷ್ಟು ಯುಸಿ ಅಂತ ಬೆಲೆ ಹಾಕಿದ್ದಾರಾ, ಇಲ್ಲಾ ಸ್ಪಿನ್ ಮಾಡಿ, ಅಂದರೆ ದುಡ್ಡು ಕೊಟ್ಟು ಚಕ್ರ ತಿರುಗಿಸಿ ಅದೃಷ್ಟ ಇದ್ದರೆ, ಪಡೆಯಬೇಕಾ?

ಬೆಲೆ ಹಾಕಿದ್ದರೆ, ನಿಮಗೆ ಅನುಕೂಲ ಇದ್ದರೆ, ಯಾವಾಗಲಾದರೂ ಒಮ್ಮೆ ಕೊಡೋದರಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಹಾಕಿ ಟೂರ್ನಮೆಂಟ್‌ಗೆ ಹೊಸ ಜೆರ್ಸಿ ಮಾಡಿಸುತ್ತೇವಲ್ಲ, ಹಾಗೆ. ಜೆರ್ಸಿಯಿಂದ ಗೋಲು ಬರಲ್ಲ, ಆದರೂ ತಂಡದವರಿಗೆ ಅದು ಬೇಕು. ಹಂತ ಏರಿದಂತೆ ಬಹುಮಾನ ಕೊಡೋ ರಾಯಲ್ ಪಾಸ್ ಕೂಡ ಪರವಾಗಿಲ್ಲ. ಯಾವ ಹಂತಕ್ಕೆ ಏನು ಸಿಗುತ್ತದೆ ಅಂತ ಮೊದಲೇ ಕಾಣುತ್ತದೆ. ಆದರೆ ದುಡ್ಡು ಕೊಟ್ಟ ಮೇಲೂ ಆಡಿಯೇ ಹಂತ ಏರಬೇಕು, ಓದೋ ಹುಡುಗನಿಗೆ ಅದೂ ಒಂದು ಲೆಕ್ಕ.

ಸ್ಪಿನ್ ಅಥವಾ ಕ್ರೇಟ್ (ಒಳಗೇನಿದೆ ಅಂತ ತೆರೆದ ಮೇಲೇ ಗೊತ್ತಾಗೋ ಪೆಟ್ಟಿಗೆ) ಆದರೆ ಖಂಡಿತ ಬೇಡ. ಯಾಕೆ ಅಂತ ಲೆಕ್ಕ ಹಾಕಿ ತೋರಿಸಿ, ಒಂಬತ್ತನೇ ಕ್ಲಾಸಿನವನಿಗೆ ಅರ್ಥವಾಗುತ್ತದೆ. ಒಂದು ಸೂಟ್ ಸಿಗೋ ಸಾಧ್ಯತೆ 1% ಅಂತಿಟ್ಟುಕೊಳ್ಳಿ. ನೂರು ಸಲ ತಿರುಗಿಸಿದರೆ ಸಿಕ್ಕೇ ಸಿಗುತ್ತದೆ ಅಂತ ಹುಡುಗರು ನಂಬಿರುತ್ತಾರೆ. ಹಾಗಲ್ಲ. ಪ್ರತಿ ಸಲ ಕೈ ತಪ್ಪೋ ಸಾಧ್ಯತೆ 0.99. ಅದನ್ನು ನೂರು ಸಲ ಗುಣಿಸಿದರೆ ಸುಮಾರು 0.37 ಬರುತ್ತದೆ. ಅಂದರೆ ನೂರು ಸಲ ತಿರುಗಿಸಿದ ನೂರು ಹುಡುಗರಲ್ಲಿ ಮೂವತ್ತೇಳು ಜನ ಬರಿಗೈಯಲ್ಲಿ ಏಳುತ್ತಾರೆ. ಇಂಥ ಪ್ರಮಾಣವನ್ನು ತೋರಿಸಲೇಬೇಕು ಅಂತ ಆಪಲ್ 2017ರಲ್ಲಿ, ಗೂಗಲ್ 2019ರಲ್ಲಿ ನಿಯಮ ತಂದವು. ಸಣ್ಣಕ್ಷರದಲ್ಲಿ ಇರುತ್ತದೆ, ಮಗನ ಜೊತೆ ಕೂತು ಹುಡುಕಿ ಓದಿ. ಬೆಲ್ಜಿಯಂನಲ್ಲಿ 2018ರಲ್ಲಿ ದುಡ್ಡು ಕೊಟ್ಟು ತೆರೆಯೋ ಇಂಥ ಪೆಟ್ಟಿಗೆಗಳನ್ನು ಜೂಜು ಅಂತಲೇ ಪರಿಗಣಿಸಿದರು. ನನ್ನ ಪ್ರಕಾರ ಅದು ಸರಿಯಾದ ಮಾತು.

ಬಂದೂಕಿನ ಸ್ಕಿನ್ (ಮೇಲಿನ ಬಣ್ಣ, ವಿನ್ಯಾಸ) ಇನ್ನೂ ದುಬಾರಿ. ಗ್ಲೇಸಿಯರ್ ಎಂ416 ಅಂತ ಒಂದಿದೆ, ಹುಡುಗರು ಅದಕ್ಕೆ ಪ್ರಾಣ ಬಿಡುತ್ತಾರೆ. ಒಮ್ಮೆ ಸಿಕ್ಕಿದರೆ ಮುಗಿಯಲ್ಲ. ಮೇಲಿನ ಲೆವೆಲ್‌ಗೆ ಏರಿಸೋಕೆ ಬೇರೆ ಮೆಟೀರಿಯಲ್ ಬೇಕು, ಅದೂ ಕ್ರೇಟ್‌ನಲ್ಲೇ ಬರಬೇಕು.

ದುಡ್ಡು ಕೊಡೋದೇ ಆದರೆ ನಿಮ್ಮ ಯುಪಿಐಯನ್ನು ಅವನ ಫೋನ್‌ಗೆ ಜೋಡಿಸಬೇಡಿ. ರಿಡೀಮ್ ಕೋಡ್ ತಂದುಕೊಡಿ, ಅದು ಖಾಲಿಯಾದರೆ ಅಲ್ಲಿಗೆ ಮುಗೀತು. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳೋ ಹಾಗೆ ಮಾಡಿಡಿ. ಗೊತ್ತಿಲ್ಲದೆ ಖರೀದಿಯಾಗಿ ಹೋದರೆ 48 ಗಂಟೆಯೊಳಗೆ ಗೂಗಲ್‌ಗೆ ರೀಫಂಡ್ ಕೇಳಿ, ಆಮೇಲೆ ಕಷ್ಟ. 2021ರಲ್ಲಿ ಬಿಜಿಎಂಐ ಬಂದಾಗ ಹದಿನೆಂಟರ ಒಳಗಿನವರಿಗೆ ದಿನಕ್ಕೆ 7,000 ರೂಪಾಯಿ ಖರ್ಚಿನ ಮಿತಿ ಇಟ್ಟಿದ್ದರು. ದಿನಕ್ಕೆ ಏಳು ಸಾವಿರ! ಆಟದವರು ಹಾಕೋ ಮಿತಿ ನಂಬಿಕೊಂಡು ಕೂರೋ ಹಾಗಿಲ್ಲ.

ಮಡಿಕೇರಿಯಿಂದ:

ಮೇಲಿನವರು ಹೇಳಿದ್ದು ಸರಿ. ಇನ್ನೊಂದು ವಿಷಯ ಸೇರಿಸುತ್ತೇನೆ. 'ಸ್ಕಿನ್ ಅಂದರೆ ಆಸ್ತಿ, ಮುಂದೆ ಮಾರಬಹುದು' ಅಂತ ಮಗ ಹೇಳಿದರೆ ಒಪ್ಪಬೇಡಿ. ಬಿಜಿಎಂಐ ಸೂಟ್ ಮಾರೋಕೆ ಆಗಲ್ಲ. ಅದಕ್ಕೇ ಕೆಲವರು ಅಕೌಂಟನ್ನೇ ಮಾರುತ್ತಾರೆ, ಅದು ನಿಯಮಕ್ಕೆ ವಿರುದ್ಧ. ಮೋಸವೂ ಜಾಸ್ತಿ. ದುಡ್ಡು ತಗೊಂಡವನು ಆಮೇಲೆ ಪಾಸ್‌ವರ್ಡ್ ಬದಲಾಯಿಸಿ ಅಕೌಂಟ್ ವಾಪಸ್ ಎಳೆದುಕೊಂಡಿದ್ದನ್ನು ನಮ್ಮ ಗೆಳೆಯರ ಗುಂಪಿನಲ್ಲೇ ಕಂಡಿದ್ದೇವೆ.

ನಾನು ಆಡೋದು ಕೌಂಟರ್ ಸ್ಟ್ರೈಕ್ ಅನ್ನೋ ಕಂಪ್ಯೂಟರ್ ಶೂಟಿಂಗ್ ಆಟ. ಅಲ್ಲಿ 2013ರಿಂದ ಸ್ಕಿನ್ ಮಾರಬಹುದು, ಕೊಳ್ಳಬಹುದು. ಆದರೆ ಸ್ಟೀಮ್ ಅನ್ನೋ ಆನ್‌ಲೈನ್ ಆಟದಂಗಡಿಯ ಮಾರುಕಟ್ಟೆಯಲ್ಲಿ ಮಾರಿದ ದುಡ್ಡು ಸ್ಟೀಮ್ ವಾಲೆಟ್‌ಗೆ ಹೋಗುತ್ತದೆ, ಬ್ಯಾಂಕಿಗೆ ಬರಲ್ಲ. ಪೆಟ್ಟಿಗೆ ತೆರೆದರೆ ಚಾಕುವಿನಂಥ ಅಪರೂಪದ ಐಟಂ ಸಿಗೋ ಸಾಧ್ಯತೆ ಚೀನಾದಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಸುಮಾರು 0.26%. ಮೇಲಾಗಿ 2025ರ ಅಕ್ಟೋಬರ್‌ನಲ್ಲಿ ಆಟದ ಕಂಪನಿ ಒಂದು ನಿಯಮ ಬದಲಿಸಿ, ಚಾಕುವಿಗಿಂತ ಒಂದು ಮೆಟ್ಟಿಲು ಕೆಳಗಿನ ಕೆಂಪು ದರ್ಜೆಯ ಐದು ಸ್ಕಿನ್ ಕೊಟ್ಟು ಚಾಕು ಪಡೆಯಬಹುದು ಅಂದಿತು. ರಾತ್ರಿ ಬೆಳಗಾಗೋದರಲ್ಲಿ ಚಾಕುಗಳ ಬೆಲೆ ಕುಸಿಯಿತು. ಕಾಫಿ ರೇಟ್ ಇಳಿದರೆ ಬೀಜವನ್ನು ಗೋದಾಮಿನಲ್ಲಿಟ್ಟು ಕಾಯಬಹುದು. ಇಲ್ಲಿ ಮಾಲೂ ಅವರದು, ನಿಯಮವೂ ಅವರದು.

ಪಬ್‌ಜಿ ನೆನಪಿದೆ ಅಲ್ವಾ? 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ನಿಷೇಧಿಸಿತು. ಮುಂದಿನ ವರ್ಷ ಬಿಜಿಎಂಐ ಬಂದು ಹಳೇ ಸ್ಕಿನ್ ವರ್ಗಾಯಿಸಿಕೊಳ್ಳೋಕೆ ಅವಕಾಶ ಕೊಟ್ಟಿದ್ದರಿಂದ ಹುಡುಗರು ಬಚಾವಾದರು.

ಸೋಮವಾರಪೇಟೆಯಿಂದ:

ನಾನು ಹೈಸ್ಕೂಲ್ ಟೀಚರ್. ಸೂಟ್ ಇಲ್ಲದವರನ್ನು ಉಳಿದವರು 'ಬಾಟ್', 'ನೂಬ್' (ಆಡೋಕೆ ಬಾರದವನು) ಅಂತ ಕರೆಯುತ್ತಾರೆ, ಸ್ಕ್ವಾಡ್‌ಗೆ, ಅಂದರೆ ತಂಡಕ್ಕೆ, ಸೇರಿಸಲ್ಲ. ನಮಗೆ ಚಿಕ್ಕ ವಿಷಯ ಅನ್ನಿಸಬಹುದು, ಆ ಮಗುವಿಗೆ ನಿಜವಾಗಿಯೂ ನೋವಾಗುತ್ತದೆ. ಅದಕ್ಕೇ 'ಸುಮ್ನೆ ದಂಡ' ಅಂತ ಬೈದು ಕಳಿಸಬೇಡಿ. ಯಾರ ಜೊತೆ ಆಡುತ್ತಾನೆ, ಯಾರು ಏನಂದರು ಅಂತ ಮೊದಲು ಕೇಳಿ.

ಗೋಣಿಕೊಪ್ಪದ ತಾಯಿ:

ಕೇಳಿದೆ. ಸ್ಪಿನ್ನೇ ಅಂತೆ. 0.99ರ ಲೆಕ್ಕ ಅವನೇ ಕ್ಯಾಲ್ಕುಲೇಟರ್‌ನಲ್ಲಿ ಮಾಡಿ ನೋಡಿದ, ಮುಖ ಸಣ್ಣದಾಯಿತು. ಬೇಡ ಅಂದಿದ್ದೇನೆ. ಅದರ ಬದಲು ಏನಾದರೂ ಇದೆಯಾ? ಅವನಿಗೆ ಚಿತ್ರ ಬಿಡಿಸೋದು ಇಷ್ಟ.

ವಿರಾಜಪೇಟೆಯಿಂದ:

ಆಂಟಿ, ಚಿತ್ರ ಬಿಡಿಸ್ತಾನೆ ಅಂದರೆ ಮೈನ್‌ಕ್ರಾಫ್ಟ್ ಅನ್ನೋ ಆಟ ಕೊಡಿಸಿ. ಆಟಕ್ಕೆ ಒಮ್ಮೆ ದುಡ್ಡು ಕೊಡಬೇಕು, ಆಮೇಲೆ ಸ್ಕಿನ್ ತಾನೇ ಮಾಡಿಕೊಳ್ಳಬಹುದು. ಸ್ಕಿನ್ ಅಂದರೆ 64×64 ಚುಕ್ಕಿಗಳ ಒಂದು ಪಿಎನ್‌ಜಿ ಚಿತ್ರ. ಬಿಡಿಸೋಕೆ ಉಚಿತ ಎಡಿಟರ್‌ಗಳಿವೆ, ಫೋನ್‌ನಲ್ಲಿ ಆಡುವವರೂ ಹಾಕಿಕೊಳ್ಳಬಹುದು.

ನಾನು ಮೊದಲು ಮಾಡಿದ್ದು ಕೊಡವ ಗಂಡಸರ ಉಡುಗೆ: ಕುಪ್ಯ ಅನ್ನೋ ಕಪ್ಪು ಕೋಟು, ಸೊಂಟಕ್ಕೆ ಸುತ್ತೋ ಚೇಲೆ. ಮುಖಕ್ಕೆ ಸಿಗೋದು ಬರೀ 8×8 ಚುಕ್ಕಿ, ಎದೆಗೆ ಅಗಲ 8, ಎತ್ತರ 12. ಅಷ್ಟರಲ್ಲಿ ಎಲ್ಲಾ ಬರಬೇಕು. ಕುಪ್ಯಕ್ಕೆ ಪೂರ್ತಿ ಕಪ್ಪು ತುಂಬಿದರೆ ಮಸಿ ಬಳಿದ ಹಾಗೆ ಕಾಣುತ್ತದೆ. ಮೂರು ಬಗೆಯ ಕಡು ಬೂದು ಬೆರೆಸಿದರೆ ಬಟ್ಟೆಯ ಮಡಿಕೆ ಕಾಣುತ್ತದೆ. ಕುಪ್ಯದ ತೋಳು ಗಿಡ್ಡ, ಒಳಗೆ ಬಿಳಿ ಶರ್ಟ್. ಹಾಗಾಗಿ ತೋಳಿನ ಕೆಳಗಿನ ಅರ್ಧ ಬಿಳಿ ಬಿಟ್ಟೆ. ಸ್ಕಿನ್‌ಗೆ ಎರಡು ಪದರ ಇರುತ್ತದೆ, ಹೊರಗಿನದು ಸ್ವಲ್ಪ ಉಬ್ಬಿ ಕಾಣುತ್ತದೆ. ಚೇಲೆಯನ್ನು ಆ ಹೊರ ಪದರದಲ್ಲಿ ಎರಡು ಸಾಲು ಕೆಂಪು, ನಡುವೆ ಬಂಗಾರದ ಚುಕ್ಕಿ ಇಟ್ಟು ಬಿಡಿಸಿದೆ. ನಿಜವಾಗಿ ಸುತ್ತಿದ ಹಾಗೇ ಬಂತು. ಸೊಂಟಕ್ಕೆ ಸಿಗಿಸೋ ಪೀಚೆಕತ್ತಿಗೆ ಓರೆಯಾಗಿ ನಾಲ್ಕು ಬೆಳ್ಳಿ ಚುಕ್ಕಿ ಸಾಕು. ಕಷ್ಟ ಅಂದರೆ ಕುಪ್ಯದ ಕೆಳಭಾಗ. ನಡೆಯುವಾಗ ಎರಡು ಕಾಲೂ ಬೇರೆ ಬೇರೆ ಹೋಗುತ್ತವೆ, ಕೋಟು ಪ್ಯಾಂಟಿನ ಹಾಗೆ ಸೀಳಿದಂತೆ ಕಾಣುತ್ತದೆ. ಕಾಲಿನ ಹೊರ ಪದರದಲ್ಲಿ ಮೊಣಕಾಲಿನವರೆಗೂ ಕಪ್ಪು ಇಳಿಸಿದರೆ ತಕ್ಕಮಟ್ಟಿಗೆ ಸರಿಹೋಗುತ್ತದೆ. ತಂಗಿಗೆ ಕೊಡವ ಸೀರೆಯ ಸ್ಕಿನ್ ಮಾಡುವಾಗ ನಮ್ಮ ಪದ್ಧತಿಯಂತೆ ನೆರಿಗೆಯನ್ನು ಹಿಂಭಾಗದಲ್ಲೇ ಬಿಡಿಸಿದೆ, ಎಡಿಟರ್‌ನಲ್ಲಿ ತಿರುಗಿಸಿ ನೋಡಿದ ಅಜ್ಜಿಗೆ ತುಂಬಾ ಖುಷಿಯಾಯಿತು.

ರೋಬ್ಲಾಕ್ಸ್ ಅನ್ನೋ ಆಟದಲ್ಲೂ ಶರ್ಟ್ ಬಿಡಿಸಬಹುದು, ಅಪ್‌ಲೋಡ್‌ಗೆ ಸ್ವಲ್ಪ ರೋಬಕ್ಸ್ (ಅಲ್ಲಿನ ದುಡ್ಡು) ಕೊಡಬೇಕಾಗುತ್ತದೆ. ಶುರು ಮಾಡೋಕೆ ಮೈನ್‌ಕ್ರಾಫ್ಟೇ ಸುಲಭ. ಮಗನಿಗೆ ಮೊದಲು ಮುಖದ 64 ಚುಕ್ಕಿ ಮಾತ್ರ ಬಿಡಿಸೋಕೆ ಹೇಳಿ. ನನ್ನ ಕುಪ್ಯದ ಫೈಲ್ ಬೇಕಿದ್ದರೆ ಕಳಿಸುತ್ತೇನೆ, ಅದರ ಮೇಲೇ ಬಣ್ಣ ಬದಲಿಸಿಕೊಳ್ಳಲಿ.