ಗೀರು ಬಿದ್ದ ಯಕ್ಷಗಾನ ವಿಸಿಡಿ: ಟೂತ್‌ಪೇಸ್ಟ್ ಹಚ್ಚುವ ಮೊದಲು ಕೇಳುತ್ತಿದ್ದೇನೆ

ಡೊಂಬಿವಲಿ ಚೆಂಡೆ

ನಮಸ್ಕಾರ. ಮುಂಬಯಿಯಲ್ಲಿ ಆದ ಒಂದು ಯಕ್ಷಗಾನದ ವಿಸಿಡಿ (ಸಿಡಿಯಲ್ಲೇ ವಿಡಿಯೊ ತುಂಬಿದ್ದು) ಇದೆ, ಒಟ್ಟು 3 ಡಿಸ್ಕ್, ಕಂಪನಿಯಲ್ಲಿ ಒತ್ತಿದ ಬೆಳ್ಳಿ ಬಣ್ಣದವು. ಬೇರೆ ಪ್ರತಿ ಎಲ್ಲೂ ಸಿಗುತ್ತಿಲ್ಲ. 2ನೇ ಡಿಸ್ಕ್ 40ನೇ ನಿಮಿಷದ ಹತ್ತಿರ ಬಂದ ಕೂಡಲೇ ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಡುತ್ತದೆ. ಕಂಪ್ಯೂಟರಿಗೆ ಹಾಕಿ ಫೈಲ್ ಕಾಪಿ ಮಾಡಲು ಹೋದರೂ ಅರ್ಧದಲ್ಲಿ ಎರರ್. ಹೊಳೆಯುವ ಬದಿಯಲ್ಲಿ ಸುತ್ತಲೂ ಸಣ್ಣ ಗೀರುಗಳಿವೆ. 3ನೇ ಡಿಸ್ಕ್ ಹಾಕಿದರೆ ಡಿಸ್ಕೇ ಇಲ್ಲ ಎನ್ನುತ್ತದೆ. ಇವುಗಳ ಜೊತೆ ಮದುವೆಯ ಒಂದು ಡಿವಿಡಿಯೂ ಇದೆ, ರೆಕಾರ್ಡ್ ಮಾಡಿದ್ದು, ಕೆಳಬದಿ ನೇರಳೆ ಬಣ್ಣ.

ಟೂತ್‌ಪೇಸ್ಟ್, ಬಾಳೆಹಣ್ಣಿನ ಸಿಪ್ಪೆ, ವ್ಯಾಸಲೀನ್, ಹಿತ್ತಾಳೆ ಉಜ್ಜುವ ಬ್ರಾಸೊ ಪಾಲಿಶ್ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ನಿಜಕ್ಕೂ ಕೆಲಸ ಮಾಡುತ್ತದೆ? ಯಾವುದರಿಂದ ಇದ್ದದ್ದೂ ಹೋಗುತ್ತದೆ?

ಮುಲುಂಡ್ ಮಾರಾಯ

ಏನನ್ನೂ ಹಚ್ಚಬೇಡಿ ಮಾರಾಯ್ರೆ, ಮೊದಲು ಎರಡು ಪರೀಕ್ಷೆ ಮಾಡಿ.

ಒಂದು, ಡಿಸ್ಕನ್ನು ಉರಿಯುವ ಬಲ್ಬಿಗೆ ಅಡ್ಡ ಹಿಡಿದು ಲೇಬಲ್ ಕಡೆಯಿಂದ ನೋಡಿ. ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೆ ಅಲ್ಲಿ ಅಲ್ಯೂಮಿನಿಯಂ ಪದರವೇ ಎದ್ದುಹೋಗಿದೆ ಎಂದರ್ಥ. ಅದಕ್ಕೆ ಯಾವ ಪೇಸ್ಟೂ ಮದ್ದಲ್ಲ. ಎಲ್ಲರೂ ಹೊಳೆಯುವ ಬದಿಯನ್ನು ಜೋಪಾನ ಮಾಡುತ್ತಾರೆ, ಆದರೆ ಸಿಡಿಯಲ್ಲಿ ಮಾಹಿತಿ ಇರುವುದು ಲೇಬಲ್‌ನ ಸ್ವಲ್ಪವೇ ಕೆಳಗೆ. ಡಿಸ್ಕಿನ ದಪ್ಪ 1.2 ಮಿಲಿಮೀಟರ್, ಹೆಚ್ಚುಕಡಿಮೆ ಅಷ್ಟೂ ಬರಿಯ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಅದರ ಬೆನ್ನಿಗೆ ಅಲ್ಯೂಮಿನಿಯಂ, ಅದರ ಮೇಲೆ ತೆಳು ವಾರ್ನಿಷ್, ಮತ್ತೆ ಲೇಬಲ್ ಶಾಯಿ. ಹಾಗಾಗಿ ಕೆಳಗಿನ ಗೀರು ಕನ್ನಡಕದ ಗಾಜಿಗೆ ಬಿದ್ದ ಗೀರಿನ ಹಾಗೆ, ಒಳಗಿನ ಅಕ್ಷರ ಹಾಗೇ ಇರುತ್ತದೆ. ಲೇಬಲ್ ಬದಿಯ ಗೀರು ಅಕ್ಷರವನ್ನೇ ಕೆರೆದು ತೆಗೆಯುತ್ತದೆ.

ಎರಡನೆಯದು, ಗೀರು ಎಲ್ಲಿದೆ ಎಂದು ಸ್ಕೇಲಿನಿಂದ ಅಳೆಯಿರಿ. ಡಿಸ್ಕ್ ಓದುವುದು ಒಳಗಿನಿಂದ ಹೊರಕ್ಕೆ. 74 ನಿಮಿಷದ ಡಿಸ್ಕ್‌ನಲ್ಲಿ 10ನೇ ನಿಮಿಷ ಕೇಂದ್ರದಿಂದ ಸುಮಾರು 31 ಮಿಲಿಮೀಟರ್ ದೂರ, 40ನೇ ನಿಮಿಷ 46, 60ನೇ ನಿಮಿಷ 53. ನಿಮ್ಮ 2ನೇ ಡಿಸ್ಕಿಗೆ ಹೊರ ಅಂಚಿನಿಂದ 14 ಮಿಲಿಮೀಟರ್ ಒಳಗೆ ನೋಡಿ, ತೊಂದರೆ ಕೊಡುವ ಗೀರು ಅಲ್ಲೇ ಇರುತ್ತದೆ. ಉಳಿದ ಗೀರುಗಳು ಕಣ್ಣಿಗೆ ಎಷ್ಟೇ ಕೆಟ್ಟದಾಗಿ ಕಂಡರೂ ಮುಟ್ಟಬೇಡಿ.

3ನೇ ಡಿಸ್ಕ್ ಸತ್ತಿದೆ ಎಂದು ಈಗಲೇ ಅಂದುಕೊಳ್ಳಬೇಡಿ. ಕೇಂದ್ರದಿಂದ 23ರಿಂದ 25 ಮಿಲಿಮೀಟರ್ ನಡುವಿನ ಉಂಗುರದಲ್ಲಿ ಡಿಸ್ಕಿನ ಪರಿವಿಡಿ ಇದೆ. ಅದನ್ನು ಓದಲಾಗದಿದ್ದರೆ ಪ್ಲೇಯರ್ 'ಡಿಸ್ಕ್ ಇಲ್ಲ' ಎನ್ನುತ್ತದೆ. ಆದರೆ ಆ ಪರಿವಿಡಿಯನ್ನು ಅಲ್ಲೇ ಮತ್ತೆ ಮತ್ತೆ ಬರೆದಿರುತ್ತಾರೆ, ಒಂದೆರಡು ಗೀರಿಗೆ ಪೂರ್ತಿ ಹೋಗುವಂಥದ್ದಲ್ಲ. ಬೆರಳಿನ ಎಣ್ಣೆ, ಪ್ಲಾಸ್ಟಿಕ್ ಕವರಿನ ಅಂಟು, ಮಳೆಗಾಲದ ಬೂಷ್ಟು ಅಲ್ಲಿ ಕೂತಿರುವ ಸಾಧ್ಯತೆಯೇ ಹೆಚ್ಚು.

ಆದ್ದರಿಂದ ಮೂರನ್ನೂ ಮೊದಲು ತೊಳೆಯಿರಿ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ, ಬೆರಳ ತುದಿಯಿಂದ ಮೆಲ್ಲಗೆ. ನಲ್ಲಿಯ ಕೆಳಗೆ ಹಿಡಿದು ನೊರೆ ಪೂರ್ತಿ ಹೋಗಲಿ. ಕೊಡವಿ, ತೊಳೆದ ಹತ್ತಿ ಬನಿಯನ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒತ್ತಿ ತೆಗೆಯಿರಿ. ಬಿಸಿಲಿಗೆ ಇಡಬೇಡಿ. ನೇರಳೆ ಡಿವಿಡಿಯನ್ನಂತೂ ಖಂಡಿತ ಬೇಡ, ಅದರೊಳಗಿನ ಬಣ್ಣದ ಪದರವೇ ಬಿಸಿಲಿಗೆ ಕೆಡುತ್ತದೆ.

ತೊಳೆದ ಮೇಲೂ ಅದೇ ಜಾಗದಲ್ಲಿ ನಿಂತರೆ ಮಾತ್ರ ಟೂತ್‌ಪೇಸ್ಟ್. ಪೊಟ್ಟಣದ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದು ಬರೆದ ಸಾದಾ ಬಿಳಿ ಪೇಸ್ಟ್ ಆಗಬೇಕು. ಜೆಲ್, ಇದ್ದಿಲು, ಉಪ್ಪು, ಹರಳು ಸೇರಿಸಿದ್ದು ಬೇಡ. ಹಲ್ಲುಪುಡಿ ಬೇಡವೇ ಬೇಡ, ಕಣ ದೊಡ್ಡದು. ಮೇಜಿನ ಮೇಲೆ ಒಗೆದ ಬಟ್ಟೆ ಎರಡು ಮಡಿಕೆ ಹಾಸಿ ಡಿಸ್ಕನ್ನು ಲೇಬಲ್ ಕೆಳಗಾಗಿ ಇಡಿ. ಆ ಬಟ್ಟೆಯಲ್ಲಿ ಒಂದು ಮರಳಿನ ಕಣ ಉಳಿದಿದ್ದರೂ ನೀವು ಮೇಲೆ ಒತ್ತಿದಾಗ ಅದು ಲೇಬಲ್ ಕೊರೆದು ಅಲ್ಯೂಮಿನಿಯಂ ತೆಗೆದುಬಿಡುತ್ತದೆ. ಹೆಸರುಕಾಳಿನಷ್ಟು ಪೇಸ್ಟ್ ಒದ್ದೆ ಬಟ್ಟೆಗೆ ತೆಗೆದು, ಗೀರಿರುವ ಭಾಗವನ್ನು ನಡುವಿನಿಂದ ಅಂಚಿಗೆ ನೇರ ಗೆರೆಯಲ್ಲಿ 3-4 ನಿಮಿಷ ಉಜ್ಜಿ. ನಡುನಡುವೆ ಒಂದೊಂದು ಹನಿ ನೀರು ಬಿಡಿ. ಒಣಗಿತೋ, ಪೇಸ್ಟ್ ಉದುರು ಉದುರಾಗಿ ಹೊಸ ಗೀರು ಹಾಕುತ್ತದೆ. ತೊಳೆದು ಒರೆಸಿ, ಹಾಕಿ ನೋಡಿ. ಸಾಲದಿದ್ದರೆ ಇನ್ನೊಮ್ಮೆ, ಹೆಚ್ಚೆಂದರೆ ಮೂರು ಸಲ.

ಸುತ್ತಲೂ ತಿರುಗಿಸಿ ಏಕೆ ಉಜ್ಜಬಾರದು ಎಂದರೆ, ಸಿಡಿಯಲ್ಲಿ ಮಾಹಿತಿ ಸುರುಳಿಯಾಗಿ ಸುತ್ತುವ ಒಂದೇ ಸಾಲಿನಲ್ಲಿದೆ; ತಪ್ಪು ತಿದ್ದುವ ವ್ಯವಸ್ಥೆ ಆ ಸಾಲಿನ ಉದ್ದಕ್ಕೆ ಸುಮಾರು 2.5 ಮಿಲಿಮೀಟರ್ ಕಳೆದುಹೋದರೂ ತುಂಬಿಕೊಳ್ಳುತ್ತದೆ. ನಡುವಿನಿಂದ ಅಂಚಿಗೆ ಹೋಗುವ ಗೀರು ಪ್ರತಿ ಸುತ್ತನ್ನು ಕೂದಲೆಳೆಯಷ್ಟು ಜಾಗದಲ್ಲಿ ದಾಟಿಹೋಗುತ್ತದೆ. ಸುತ್ತಾಕಾರದ ಗೀರು ಒಂದೇ ಸಾಲಿನ ಮೇಲೆ ಉದ್ದಕ್ಕೆ ಮಲಗುತ್ತದೆ, ಅದನ್ನು ತಿದ್ದಲಾಗದು. ನಿಮ್ಮ 2ನೇ ಡಿಸ್ಕಿನ ಕಾಯಿಲೆಯೂ ಇದೇ.

ಬಾಳೆಹಣ್ಣು ಬಿಡಿ. ಅದರ ಸಕ್ಕರೆ ಅಂಟು ಒಣಗಿ ಡಿಸ್ಕಿಗೂ ಲೆನ್ಸಿಗೂ ಅಂಟುತ್ತದೆ.

ಪುಣೆಯ ಧಾರವಾಡಿ

ಮುಲುಂಡದವರು ಹೇಳಿದ್ದು ಖರೇ ಅದ. ಒಂದ ಮಾತು ಕೂಡಸ್ತೀನಿ: ಉಗುರು ಅಡ್ಡ ಎಳದಾಗ ಟಕ್ ಅಂತ ಸಿಕ್ಕಿತು ಅಂದ್ರ ಅಂಥಾ ಗೀರಿಗೆ ಪೇಸ್ಟ್ ಸಾಲಂಗಿಲ್ಲ. ಪೇಸ್ಟ್ ಗೀರನ್ನ ತುಂಬಂಗಿಲ್ರಿ, ಗೀರಿನ ಚೂಪಾದ ದಂಡಿಗಳನ್ನ ಸವೆಸಿ ಇಳಿಜಾರು ಮಾಡ್ತದ, ಅಷ್ಟ. ಚೂಪು ದಂಡಿ ಲೇಸರನ್ನ ಅತ್ತಿತ್ತ ಚೆದರಸ್ತದ, ಇಳಿಜಾರಾದ್ರ ಬೆಳಕು ದಾಟತದ.

ಆಳದ ಗೀರಿಗೆ ವಾಟರ್ ಪೇಪರ್ ಬೇಕು, ಅಂದ್ರ ನೀರು ಹಚ್ಚಿ ತಿಕ್ಕೂ ಉಪ್ಪುಕಾಗದ, ನಂಬರ್ ಏರಿದಂಗ ನುಣುಪು. ಬಣ್ಣದ ಅಂಗಡಿಯೊಳಗ ಇಲ್ಲಾ ಗಾಡಿ ಸಾಮಾನಿನ ಅಂಗಡಿಯೊಳಗ ಸಿಗತದ. ಪುಣೆದಾಗ ನಾನಾ ಪೇಠ, ಮುಂಬಯಿದಾಗ ಕುರ್ಲಾದ ಸಿಎಸ್‌ಟಿ ರೋಡ್ ಕಡೆ ಕೇಳ್ರಿ. 2000 ನಂಬರಿಂದು ಒಂದು, 2500 ಇಲ್ಲಾ 3000ದ್ದು ಒಂದು ಸಾಕು. 1000ಕ್ಕಿಂತ ಕೆಳಗಿಂದು ಮನಿಯೊಳಗ ಇತ್ತಂತ ಹಚ್ಚಬ್ಯಾಡ್ರಿ, ಆ ಗೀರು ತಗಿಯೂದರಾಗ ಡಿಸ್ಕ ಹೋಗತದ. ಪೇಪರ್ 10 ನಿಮಿಷ ನೀರಾಗ ನೆನೆಸಿ, ಒಂದು ಹನಿ ಸೋಪಿನ ನೀರು ಹಾಕಿ, ಹಗುರ ಕೈಲೆ ನಡುವಿನಿಂದ ದಂಡಿಗೆ ತಿಕ್ಕರಿ. ಡಿಸ್ಕ್ ಮಜ್ಜಿಗಿ ಬಣ್ಣಕ್ಕ ತಿರಗತದ, ಅಂಜಬ್ಯಾಡ್ರಿ. ಗೀರು ಕಾಣದಂಗ ಆದಮ್ಯಾಲೆ ತೊಳದು 3000ದ್ದು ಹಿಡೀರಿ, 2000ದ ಗೆರಿ ಪೂರಾ ಹೋಗೂತನಕ.

ಆಮ್ಯಾಲೆ ಕಾರಿಗೆ ಹಚ್ಚೂ ರಬ್ಬಿಂಗ್ ಕಂಪೌಂಡ್, ಅರ್ಧ ಚಮಚ, ಮೆತ್ತನ್ನ ಬಟ್ಟಿಲೆ 10 ನಿಮಿಷ. ಕಡೀಕ ಬ್ರಾಸೊ ಇಲ್ಲಾ ಕಾರ್ ಪಾಲಿಶ್. ಟ್ಯೂಬ್‌ಲೈಟಿನ ಪ್ರತಿಬಿಂಬ ಡಿಸ್ಕಿನ್ಯಾಗ ದಂಡಿ ಚೂಪಾಗಿ ಕಾಣಬೇಕು. ಮಸುಕಾಗಿ ಕಂಡ್ರ ಇನ್ನೂ ಪಾಲಿಶ್ ಬೇಕು ಅಂತ ತಿಳೀರಿ. ಬ್ರಾಸೊದಾಗ ಅಮೋನಿಯಾ ಇರತದ, ಕಿಟಕಿ ತಗದ ಮಾಡ್ರಿ, ದಂಡಿ ದಾಟಿ ಲೇಬಲ್ ಕಡೆ ಹರೀಗೊಡಬ್ಯಾಡ್ರಿ.

ಇಲ್ಲಿ ಭಾಳ ಮಂದಿ ಮಾಡೂ ತಪ್ಪು ಒಂದೈತಿ. ಗೀರು ಇದ್ದಲ್ಲೆ ಅಷ್ಟ ತಿಕ್ಕಿ ತಿಕ್ಕಿ ತಗ್ಗು ಮಾಡ್ತಾರ. ತಗ್ಗು ಅಂದ್ರ ಮತ್ತೊಂದು ಲೆನ್ಸ್ ಇದ್ದಂಗ, ಲೇಸರ್ ಫೋಕಸ್ ತಪ್ಪತದ, ಮೊದಲ ಓಡತಿದ್ದ ಜಾಗಾನೂ ಓಡಂಗಿಲ್ಲ. ಗೀರಿನ ಎರಡೂ ಕಡೆ 2 ಸೆಂಟಿಮೀಟರ್ ಅಗಲ ಹಿಡದು ಸಮ ತಿಕ್ಕರಿ.

ನೇಲ್ ಪಾಲಿಶ್ ತಗಿಯೂ ದ್ರಾವಣ, ಥಿನ್ನರ್ ಎರಡನ್ನೂ ದೂರ ಇಡ್ರಿ. ಅಸಿಟೋನ್ ತಾಗಿದ ಕೂಡಲೇ ಪಾಲಿಕಾರ್ಬೊನೇಟ್ ಬೆಳ್ಳಗ ಮಂಜು ಹಿಡದು ಸಣ್ಣ ಸಣ್ಣ ಬಿರುಕು ಬಿಡತದ, ಅದಕ್ಕ ತಿರುಗಿ ದಾರಿ ಇಲ್ಲ. ಜಿಡ್ಡು ತಗಿಯಾಕ ಐಸೊಪ್ರೊಪೈಲ್ ಆಲ್ಕೊಹಾಲ್ ನಡೀತದ.

ಡೊಂಬಿವಲಿ ಚೆಂಡೆ

ಇಬ್ಬರಿಗೂ ಧನ್ಯವಾದ. ತೊಳೆದ ಮೇಲೆ 3ನೇ ಡಿಸ್ಕ್ ಗುರುತು ಹಿಡಿಯಿತು! ಅದನ್ನೇ ಬಲ್ಬಿಗೆ ಹಿಡಿದಾಗ ಕೇಂದ್ರದಿಂದ 53 ಮಿಲಿಮೀಟರ್ ಹತ್ತಿರ ಎರಡು ತೂತು ಕಂಡವು. 2ನೇ ಡಿಸ್ಕಿನ ಗೀರು ಹೇಳಿದ ಜಾಗದಲ್ಲೇ ಇದೆ, ಉಗುರಿಗೆ ಸಿಗುವುದಿಲ್ಲ. ಎರಡು ಸಲ ಪೇಸ್ಟ್ ಹಾಕಿದ ಮೇಲೆ ಆಟ ಮುಂದಕ್ಕೆ ಹೋಗುತ್ತದೆ, ಆದರೆ ಕಾಪಿ ಮಾಡುವಾಗ ಅದೇ ಎರರ್. ಮದುವೆ ಡಿವಿಡಿಯ ಹೊರ ಅಂಚಿನಲ್ಲಿ ಮೋಡದ ಹಾಗೆ ಬಿಳಿ ಕಲೆ ಇದೆ, ಒರೆಸಿದರೆ ಹೋಗುತ್ತಿಲ್ಲ.

ವಾಸ್ಕೊ ಬಂದರು

ಆಟ ಓಡುತ್ತದೆ, ಕಾಪಿ ಆಗುವುದಿಲ್ಲ ಎನ್ನುವುದಕ್ಕೆ ಕಾರಣ ವಿಸಿಡಿಯ ರಚನೆಯಲ್ಲೇ ಇದೆ. ಸಾಮಾನ್ಯ ಡೇಟಾ ಸಿಡಿಯಲ್ಲಿ ಒಂದು ಸೆಕ್ಟರಿಗೆ (ಡ್ರೈವ್ ಒಮ್ಮೆಗೆ ಓದುವ ಮಾಹಿತಿಯ ತುಂಡು) 2048 ಬೈಟ್ ಮಾಹಿತಿ, ಉಳಿದ ಜಾಗದಲ್ಲಿ ತಪ್ಪು ತಿದ್ದಲು ಇನ್ನೊಂದು ಪದರ. ವಿಸಿಡಿಯಲ್ಲಿ ಆ ಹೆಚ್ಚಿನ ಪದರ ಬಿಟ್ಟು 2324 ಬೈಟ್ ಚಿತ್ರವನ್ನೇ ತುಂಬಿದ್ದಾರೆ. ಅದಕ್ಕೇ ಅಷ್ಟೇ ಗೀರಿಗೆ ವಿಸಿಡಿ ಬೇಗ ಕೈಕೊಡುತ್ತದೆ. ಪ್ಲೇಯರ್ ಕೆಟ್ಟ ಸೆಕ್ಟರ್ ಬಿಟ್ಟು ಮುಂದೆ ಹಾರುತ್ತದೆ, ವಿಂಡೋಸ್ ಒಂದೇ ಸೆಕ್ಟರ್ ಕೆಟ್ಟರೂ ಇಡೀ ಫೈಲ್ ಕೈಬಿಡುತ್ತದೆ.

ವಿಸಿಡಿಯ ಎಂಪೆಗ್‌ಎವಿ ಫೋಲ್ಡರಿನಿಂದ ಡ್ಯಾಟ್ ಫೈಲ್ (ವಿಡಿಯೊ ಇರುವ ಫೈಲ್) ಎಳೆದು ಹಾಕುವುದನ್ನು ಬಿಡಿ. ಕೆಟ್ಟ ಡಿಸ್ಕಿನಿಂದ ಮಾಹಿತಿ ತೆಗೆಯುವ ಐಸೊಬಸ್ಟರ್ ತಂತ್ರಾಂಶದಲ್ಲಿ ಡಿಸ್ಕ್ ತೆರೆದು, ಎಂಪೆಗ್ ಫ್ರೇಮ್‌ಗಳನ್ನು (ವಿಡಿಯೊ ಭಾಗವನ್ನು) ಮಾತ್ರ ಸೋಸಿ ತೆಗೆಯುವ ಆಯ್ಕೆ ಕೊಡಿ. ಎರರ್ ಬಂದಾಗ ಮತ್ತೆ ಓದಲು ಹೇಳಿ, ಆಗದಿದ್ದರೆ ಆ ಸೆಕ್ಟರಿಗೆ ಸೊನ್ನೆ ತುಂಬಲು ಹೇಳಿ. ಸೆಕೆಂಡಿಗೆ 75 ಸೆಕ್ಟರ್ ಓಡುತ್ತವೆ, ಹತ್ತು ಸೆಕ್ಟರ್ ಹೋದರೂ ಬಣ್ಣದ ವೇಷ ಒಂದು ಕ್ಷಣ ಚದುರಿ ಮತ್ತೆ ಕೂಡಿಕೊಳ್ಳುತ್ತದೆ, ಪದ್ಯ ತುಂಡಾಗುವುದಿಲ್ಲ. 3ನೇ ಡಿಸ್ಕಿನ ತೂತುಗಳು 60ನೇ ನಿಮಿಷದ ಆಸುಪಾಸಿನಲ್ಲಿ ಬರುತ್ತವೆ, ಅಲ್ಲಿಗೂ ಇದೇ ಉಪಾಯ. ಆ ಡಿಸ್ಕಿಗೆ ಪಾಲಿಶ್ ಹಾಕಲು ಹೋಗಬೇಡಿ, ಅಲ್ಲಿ ಉಳಿಸಲು ಏನೂ ಇಲ್ಲ, ಸುತ್ತಲಿನ ಪದರ ಇನ್ನಷ್ಟು ಏಳಬಹುದು.

ಓದುವ ವೇಗ 4ಎಕ್ಸ್ ಅಥವಾ 8ಎಕ್ಸ್‌ಗೆ (ಸಿಡಿಯ ಮೂಲ ವೇಗದ 4 ಅಥವಾ 8 ಪಟ್ಟಿಗೆ) ಇಳಿಸಿ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುತ್ತದೆ, ಹಾಗಾಗಿ ಇನ್ನೂ ಎರಡು ಡ್ರೈವ್‌ಗಳಲ್ಲಿ ಹಾಕಿ ನೋಡಿ. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಯುಎಸ್‌ಬಿ ಡಿವಿಡಿ ಡ್ರೈವ್ ಸಿಗುತ್ತದೆ. ಕೊನೆಯ ಅಸ್ತ್ರ ವ್ಯಾಸಲೀನ್. ಗೀರಿನ ಮೇಲೆ ತೆಳುವಾಗಿ ಸವರಿ, ಮೇಲಿನದನ್ನು ಪೂರ್ತಿ ಒರೆಸಿ ತೆಗೆದು, ಗೀರಿನ ಒಳಗೆ ಕೂತದ್ದು ಮಾತ್ರ ಉಳಿಯಬೇಕು. ಬೆಳಕನ್ನು ಅದು ಗಾಳಿಗಿಂತ ಪ್ಲಾಸ್ಟಿಕ್ಕಿನ ಹತ್ತಿರಕ್ಕೆ ಬಗ್ಗಿಸುವುದರಿಂದ ಗೀರು ಲೇಸರಿಗೆ ಮುಚ್ಚಿದಂತೆ ಆಗುತ್ತದೆ. ಒಂದು ಸಲ ಓದಿಸಿ ಕಾಪಿ ತೆಗೆದು ಸೋಪಿನಲ್ಲಿ ತೊಳೆದಿಡಿ. ದಪ್ಪ ಬಿಟ್ಟರೆ ತಿರುಗುವಾಗ ಎರಚಿ ಲೆನ್ಸಿಗೆ ಕೂರುತ್ತದೆ.

ಮದುವೆ ಡಿವಿಡಿ ಬೇರೆ ವಿಷಯ. ಡಿವಿಡಿ ಎಂದರೆ 0.6 ಮಿಲಿಮೀಟರಿನ ಎರಡು ಬಿಲ್ಲೆ ಅಂಟಿಸಿದ್ದು, ಮಾಹಿತಿ ನಡುವಿನಲ್ಲಿ. ಒರೆಸಿದರೂ ಹೋಗದ ಅಂಚಿನ ಮೋಡ ಹೊರಗಿನ ಗೀರಲ್ಲ, ಬಹುಮಟ್ಟಿಗೆ ಅಂಟು ಬಿಡುತ್ತಿರುವ ಗುರುತು. ಗೋವಾ, ಮುಂಬಯಿಯಂಥ ಕಡಲ ಹವೆ ಇದಕ್ಕೆ ಹಗೆ. ಉಜ್ಜಬೇಡಿ, ಒತ್ತಬೇಡಿ, ಬಗ್ಗಿಸಬೇಡಿ. ತೊಳೆಯುವುದೂ ಬೇಡ, ನೀರು ಸಂದಿಗೆ ಇಳಿಯುತ್ತದೆ. ಇವತ್ತೇ ಓದಿಸಿ. ಲಿನಕ್ಸ್ ಇದ್ದರೆ ಡಿಸ್ಕಿನ ಪೂರ್ತಿ ಪ್ರತಿ ತೆಗೆಯುವ ಡಿಡಿರೆಸ್ಕ್ಯೂ ತಂತ್ರಾಂಶ ಹಾಕಿ, ಬ್ಲಾಕ್ ಗಾತ್ರ 2048 ಬೈಟ್, ಮ್ಯಾಪ್ ಫೈಲ್ (ಯಾವ ಭಾಗ ಬಂತು, ಯಾವುದು ಉಳಿಯಿತು ಎಂಬ ಲೆಕ್ಕ) ಕಡ್ಡಾಯ. ಮೊದಲ ಸುತ್ತಿನಲ್ಲಿ ಸುಲಭಕ್ಕೆ ಬರುವುದನ್ನೆಲ್ಲ ತೆಗೆಯಿರಿ, ಕೆಟ್ಟ ಜಾಗವನ್ನು ಮೂರು ಸಲ ಕೆದಕುವುದು ಎರಡನೇ ಸುತ್ತಿಗೆ. ಅದೇ ಮ್ಯಾಪ್ ಫೈಲ್ ಇಟ್ಟುಕೊಂಡು ಬೇರೆ ಡ್ರೈವ್‌ಗೆ ಬದಲಾಯಿಸಿದರೆ ಬಿಟ್ಟುಹೋದದ್ದನ್ನು ಮಾತ್ರ ಅದು ಹುಡುಕುತ್ತದೆ. ವಿಸಿಡಿಗೆ ಈ ದಾರಿ ನಡೆಯುವುದಿಲ್ಲ, ಅದರ ಸೆಕ್ಟರ್ ಅಳತೆ ಬೇರೆ.

ಮುಲುಂಡ್ ಮಾರಾಯ

ಬಿಟ್ಟುಹೋದ ಎರಡು ಮಾತು. ನಡುವಿನ ತೂತಿನ ಅಂಚಿನಲ್ಲಿ ಬಿರುಕು ಬಿಟ್ಟ ಡಿಸ್ಕನ್ನು ಕಂಪ್ಯೂಟರಿಗೆ ಹಾಕಲೇಬೇಡಿ. 52ಎಕ್ಸ್ ಡ್ರೈವ್ ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗಿಸುತ್ತದೆ, ಡಿಸ್ಕ್ ಒಳಗೇ ಚೂರಾಗಬಹುದು. ಟೇಪ್ ಅಂಟಿಸಿದರೆ ತೂಕ ಒಂದು ಕಡೆಗೆ ವಾಲಿ ಇನ್ನೂ ಅಪಾಯ.

ಬ್ಲೂ-ರೇ ಡಿಸ್ಕಿಗೆ ಮೇಲೆ ಹೇಳಿದ ಯಾವ ಉಜ್ಜುವಿಕೆಯೂ ಸಲ್ಲದು. ಅದರ ಮಾಹಿತಿ ಕೆಳಮೈಯಿಂದ ಬರೀ 0.1 ಮಿಲಿಮೀಟರ್ ಆಳದಲ್ಲಿದೆ, ಮೇಲೆ ಗಟ್ಟಿ ಲೇಪನ ಕೊಟ್ಟಿದ್ದಾರೆ. ಪೇಸ್ಟ್ ಆ ಲೇಪನವನ್ನೇ ಕೆಡಿಸುತ್ತದೆ. ತೊಳೆದು ಒರೆಸಿ, ಅಷ್ಟೇ.