ರೂಹ್ ಗುಲಾಬ್ ಕೊಳ್ಳಲೇ, ಗಂಧದೆಣ್ಣೆಯ ಗುಲಾಬಿ ಅತ್ತರು ಕೊಳ್ಳಲೇ?

ಪ್ರಶ್ನೆ:
ಕನೌಜಿನ ಎರಡು ಗುಲಾಬಿ ಸುಗಂಧಗಳ ಮಾದರಿಗಳನ್ನು ತರಿಸಿಕೊಂಡಿದ್ದೇನೆ. ಮೊದಲನೆಯದು ರೂಹ್ ಗುಲಾಬ್, ಅಂದರೆ ಏನನ್ನೂ ಬೆರೆಸದ ಹೂವಿನ ಎಣ್ಣೆ; ಎರಡನೆಯದು ಗಂಧದೆಣ್ಣೆಯೊಳಕ್ಕೆ ಬಟ್ಟಿ ಇಳಿಸಿದ ಅತ್ತರು. ರೂಹ್ ಹಚ್ಚಿಕೊಂಡ ಕೂಡಲೇ ನಮ್ಮ ಹಿತ್ತಲಿನ ಪನ್ನೀರು ಗುಲಾಬಿಯೇ ನೆನಪಾಗುತ್ತದೆಯಾದರೂ ಮಧ್ಯಾಹ್ನದ ಹೊತ್ತಿಗೆ ಅದರ ಸುಳಿವೂ ಉಳಿಯುವುದಿಲ್ಲ. ಅತ್ತರು ಸಂಜೆಯವರೆಗೂ ಇರುತ್ತದೆ, ಆದರೆ ಅದರಲ್ಲಿ ಗುಲಾಬಿ ತುಸು ಹಿಂದೆ ಸರಿದಂತಿದೆ. ಬೆಲೆಯಲ್ಲಿ ಅಜಗಜಾಂತರವಿದೆ. ದಿನವೂ ಕಚೇರಿಗೆ ಹಚ್ಚಿಕೊಂಡು ಹೋಗಲು ಯಾವುದು ಸೂಕ್ತ? ಇನ್ನೊಂದು ಸಂದೇಹ: ಚಳಿಯ ಬೆಳಗಿನಲ್ಲಿ ರೂಹ್ ಶೀಶೆಯೊಳಗೇ ಹೆಪ್ಪುಗಟ್ಟಿತ್ತು. ಅದು ಕಲಬೆರಕೆಯ ಲಕ್ಷಣವೇ?

ಮೊದಲ ಉತ್ತರ:
ಹೆಪ್ಪುಗಟ್ಟಿದ್ದಕ್ಕೆ ಗಾಬರಿಪಡಬೇಡಿ. ಗುಲಾಬಿ ಎಣ್ಣೆಯಲ್ಲಿ ಸಹಜವಾಗಿಯೇ ಇರುವ ಮೇಣದಂಥ ಅಂಶ ತಂಪಿಗೆ ಹರಳುಗಟ್ಟಿ, ಅಂಗೈಯ ಬಿಸಿಗೆ ಮತ್ತೆ ಕರಗುತ್ತದೆ. ಹಾಗೆಂದು ಅದನ್ನೇ ಶುದ್ಧತೆಯ ಸಾಕ್ಷಿಯೆಂದು ತಿಳಿಯಬಾರದು, ಏಕೆಂದರೆ ಮೇಣ ಬೆರೆಸಿಯೂ ಹೆಪ್ಪುಗಟ್ಟಿಸಬಹುದು. ಬೆಲೆಯ ವಿಷಯ ಸರಳವಾಗಿದೆ: ಒಂದು ಕಿಲೋ ಎಣ್ಣೆಗೆ ಸುಮಾರು 3,000ದಿಂದ 5,000 ಕಿಲೋ ಹೂ ಬೇಕು.

ಎರಡನೆಯ ಉತ್ತರ:
ನನ್ನ ಮತ ಅತ್ತರಿಗೆ. ಡೇಗ್ ಎಂಬ ತಾಮ್ರದ ಹಂಡೆಯಲ್ಲಿ ಬೆಂದ ಎಸಳುಗಳ ಆವಿ ಬಿದಿರಿನ ಕೊಳವೆಯಲ್ಲಿ ಸಾಗಿ, ಭಪ್ಕಾ ಎಂಬ ಪಾತ್ರೆಯಲ್ಲಿ ಮೊದಲೇ ತುಂಬಿಟ್ಟ ಗಂಧದೆಣ್ಣೆಗೆ ಇಳಿಯುತ್ತದೆ. ಆ ಎಣ್ಣೆ ಸಾಕಷ್ಟು ಪರಿಮಳ ಹೀರಿಕೊಳ್ಳುವವರೆಗೆ ಹೊಸ ಹೂಗಳಿಂದ ಇದೇ ಕೆಲಸ ಹಲವು ದಿನ ನಡೆಯುತ್ತದೆ. ಗಂಧದೆಣ್ಣೆ ಬಹಳ ನಿಧಾನವಾಗಿ ಆರುವುದರಿಂದ ಗುಲಾಬಿಯನ್ನೂ ಹಿಡಿದಿಡುತ್ತದೆ. ಆದರೆ ಗಂಧ ದುಬಾರಿಯಾದಂತೆ ಅನೇಕರು ವಾಸನೆಯಿಲ್ಲದ ಪ್ಯಾರಾಫಿನ್ ಎಣ್ಣೆಯ ಮೊರೆ ಹೋಗಿದ್ದಾರೆ. ಒಂದು ಹನಿಯನ್ನು ಕಾಗದದ ಪಟ್ಟಿಗೆ ಹಾಕಿ ಮರುದಿನ ಮೂಸಿ ನೋಡಿ. ಗಂಧದ ಪರಿಮಳವೇ ಇಲ್ಲದಿದ್ದರೆ ಕೊಳ್ಳಬೇಡಿ. 1916ರಿಂದ ಮೈಸೂರಿನ ಕಾರ್ಖಾನೆಯಲ್ಲಿ ಗಂಧದೆಣ್ಣೆ ತೆಗೆಯುತ್ತಿರುವ ನಾಡಿನವರ ಮೂಗು ಇಷ್ಟರಮಟ್ಟಿಗಾದರೂ ಮೋಸಹೋಗಬಾರದು.

ಮೂರನೆಯ ಉತ್ತರ:
ನಾನು ಇದನ್ನು ಒಪ್ಪುವುದಿಲ್ಲ. ಗುಲಾಬಿಗಾಗಿ ಹಣ ಕೊಡುವವರು ಗಂಧವನ್ನೇಕೆ ಮೂಸಬೇಕು? ಹತ್ತಿಯ ಎಳೆಗೆ ರೂಹ್ ಸವರಿ ಕಿವಿಯ ಮಡಿಕೆಯಲ್ಲಿಟ್ಟುಕೊಳ್ಳುವ ಹಳೆಯ ಪದ್ಧತಿಯಿಂದ ಅದು ಮಣಿಕಟ್ಟಿನಲ್ಲಿರುವುದಕ್ಕಿಂತ ಹೆಚ್ಚು ಹೊತ್ತು ಉಳಿಯುವುದು ನನ್ನ ಅನುಭವ. ಎರಡರಲ್ಲಿ ಯಾವುದನ್ನೇ ಆಗಲಿ ಮೊದಲು ಮುಂಗೈಗೆ ಸವರಿ ಪರೀಕ್ಷಿಸಿ. ಗುಲಾಬಿ ಎಣ್ಣೆಯ ಸಿಟ್ರೊನೆಲ್ಲೋಲ್, ಜೆರಾನಿಯೋಲ್ ಎಂಬ ಪರಿಮಳದ ಅಂಶಗಳು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ನಿನ್ನೆಯ ಪಟ್ಟಿಯಲ್ಲಿ ಗಂಧ ಸ್ಪಷ್ಟವಾಗಿ ಉಳಿದಿರುವುದರಿಂದ ಕಚೇರಿಗೆಂದು 5 ಮಿ.ಲೀ. ಅತ್ತರನ್ನೇ ತರಿಸುತ್ತಿದ್ದೇನೆ. ಕಿವಿಯಲ್ಲಿ ಹತ್ತಿಯಿಟ್ಟುಕೊಂಡು ಸಭೆಗಳಲ್ಲಿ ಕೂರುವ ಧೈರ್ಯ ನನಗಿಲ್ಲವಾದ್ದರಿಂದ ರೂಹ್‌ನ ಮಾದರಿಯನ್ನು ಭಾನುವಾರಗಳಿಗೆ ಇಟ್ಟುಕೊಂಡಿದ್ದೇನೆ.